ಬೋರ್ ಕೊರೆಸುವ ಮುನ್ನ ಒಂದು ಹಾಳೆ, ಒಂದು ಪೆನ್ನು

ವಿಚಾರ ಮಾಡಿ ನಡೆಯುವುದು ಎಂಬ ಮಾತಿನಲ್ಲಿ ಎರಡು ಕೆಲಸಗಳಿವೆ. ನಂಬಿದ್ದಕ್ಕೆ ಆಧಾರ ಎಷ್ಟಿದೆ ಎಂದು ನೋಡುವುದು ಒಂದು. ಅಷ್ಟೇ ಆಧಾರ ಇಟ್ಟುಕೊಂಡು ನಮ್ಮ ಉದ್ದೇಶಕ್ಕೆ ಯಾವ ಹೆಜ್ಜೆ ಸರಿ ಎಂದು ತೀರ್ಮಾನಿಸುವುದು ಇನ್ನೊಂದು. ಬೋರ್‌ವೆಲ್ ಕೊರೆಸುವಾಗ ಎರಡೂ ಒಟ್ಟಿಗೆ ಎದುರಾಗುತ್ತವೆ, ಎಡವಿದರೆ ವರ್ಷಗಟ್ಟಲೆ ಸಾಲ ಉಳಿಯುತ್ತದೆ.

ಮೊದಲು ಉದ್ದೇಶ ಬರೆಯಿರಿ. ‘ಬೋರ್ ಬೇಕು’ ಎಂದಲ್ಲ, ‘ಎರಡು ಎಕರೆಗೆ ಬೇಸಿಗೆ ನೀರು ಬೇಕು’ ಎಂದು. ಹೀಗೆ ಬರೆದರೆ ಕೃಷಿ ಹೊಂಡ, ಹನಿ ನೀರಾವರಿ, ಬೆಳೆ ಬದಲಿಸುವುದು ಇವೂ ಲೆಕ್ಕಕ್ಕೆ ಬರುತ್ತವೆ.

ಆಮೇಲೆ ಎಣಿಕೆ. ಸುತ್ತ ಒಂದೆರಡು ಕಿಲೋಮೀಟರಿನಲ್ಲಿ ಕಳೆದ ಐದು ವರ್ಷ ಕೊರೆಸಿದ ಬೋರ್‌ಗಳನ್ನೆಲ್ಲ ಪಟ್ಟಿ ಮಾಡಿ. ಫೇಲಾದವು ಬಿಟ್ಟುಹೋಗುವುದು ಇಲ್ಲೇ: ನೀರು ಬಂದ ಬೋರಿನ ಮೋಟರು ಕಣ್ಣಿಗೆ ಬೀಳುತ್ತದೆ, ಒಣಗಿದ್ದರ ಬಾಯಿಗೆ ಕಲ್ಲು ಮುಚ್ಚಿರುತ್ತದೆ. ಮನೆಮನೆಗೆ ಹೋಗಿ ಕೇಳಬೇಕು.

ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ‘ಇಲ್ಲಿ ನೀರಿದೆ’ ಎಂದು ಪಾಯಿಂಟ್ ಹಾಕುವವರ ವಿಷಯಕ್ಕೂ ಇದೇ ಪಟ್ಟಿ ಸಾಕು. ಹಾಳೆಯ ಮೇಲೆ ನಾಲ್ಕು ಮನೆ ಗೀಚಿ: ಪಾಯಿಂಟ್ ಹಾಕಿಸಿ ನೀರು ಸಿಕ್ಕಿದ್ದು, ಸಿಗದ್ದು, ಹಾಕಿಸದೆ ಸಿಕ್ಕಿದ್ದು, ಸಿಗದ್ದು. ಹಾಕಿಸಿದ 20ರಲ್ಲಿ 12 ಗೆದ್ದಿವೆ ಎನ್ನೋಣ. ಭಾರಿ ಕೈಗುಣ ಅನಿಸುತ್ತದೆ. ಹಾಕಿಸದ 10ರಲ್ಲಿ 6 ಗೆದ್ದಿದ್ದರೆ? ಎರಡೂ ಕಡೆ ನೂರಕ್ಕೆ 60. ಕಾಯಿ ಹೊಸದೇನನ್ನೂ ಹೇಳಿಲ್ಲ. ನಾವೆಲ್ಲ ಮೊದಲ ಮನೆಯೊಂದನ್ನೇ ನೆನಪಿಟ್ಟುಕೊಳ್ಳುತ್ತೇವೆ, ನಂಬಿಕೆ ಬಲಿಯುವುದು ಅದರಿಂದ. ಕೈಯಲ್ಲಿ ಕಾಯಿ ಏಳುವುದು ಮೋಸವೇ ಆಗಿರಬೇಕಿಲ್ಲ. ಗೊತ್ತಿಲ್ಲದೆಯೇ ಸ್ನಾಯು ಅಲುಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಜರ್ಮನಿಯ ಮ್ಯೂನಿಕ್ ಬಳಿ 1987–88ರಲ್ಲಿ ಒಂದು ಕಟ್ಟಡದ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಜಾಗ ಬದಲಿಸುತ್ತ, ಮೇಲಿನ ಅಂತಸ್ತಿನಲ್ಲಿದ್ದ 43 ಮಂದಿ ನೀರು ತೋರಿಸುವವರಿಂದ 843 ಬಾರಿ ಹುಡುಕಿಸಿದರು. ಕೆಲವರಿಗೆ ಶಕ್ತಿ ಇದೆ ಎಂದೇ ಪರೀಕ್ಷೆ ನಡೆಸಿದವರು ಹೇಳಿದರು. ಆದರೆ ಒಂದು ಸುತ್ತಿನಲ್ಲಿ ಚೆನ್ನಾಗಿ ತೋರಿಸಿದವರು ಮುಂದಿನ ಸುತ್ತಿನಲ್ಲೂ ಹಾಗೇ ತೋರಿಸಲಿಲ್ಲ ಎಂಬುದನ್ನು ವಿಜ್ಞಾನಿ ಜಿಮ್ ಎನ್‌ರೈಟ್ ಅದೇ ಅಂಕಿಗಳಿಂದ ಎತ್ತಿ ತೋರಿಸಿದರು.

‘ಎರಡು ಫೇಲಾಯ್ತು, ಮೂರನೆಯದು ಸಿಗಲೇಬೇಕು’ ಎಂಬ ಲೆಕ್ಕ ಇನ್ನೂ ಅಪಾಯದ್ದು. ನೆಲಕ್ಕೆ ಯಾರ ಬಾಕಿಯೂ ಇಲ್ಲ. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಅದೇ ಹೊಲದಲ್ಲಿ ಎರಡು ಒಣಗಿದ್ದರೆ ಮೂರನೆಯದರ ಆಸೆಯನ್ನು ಊರಿನ ಸರಾಸರಿಗಿಂತ ಕೆಳಗೇ ಇಡಬೇಕು.

ಈಗ ತೀರ್ಮಾನ. ಖರ್ಚು 2 ಲಕ್ಷ, ನೀರು ಬಂದರೆ ಬೋರ್ ಬತ್ತುವವರೆಗೆ ಸಿಗುವ ಹೆಚ್ಚುವರಿ ಲಾಭ (ಕೊರೆಸಿದ ಖರ್ಚು ಕಳೆಯುವ ಮುನ್ನ) 3 ಲಕ್ಷ, ಗೆಲ್ಲುವ ಸಾಧ್ಯತೆ ನೂರಕ್ಕೆ 60 ಎಂದುಕೊಳ್ಳಿ. 3 ಲಕ್ಷದಲ್ಲಿ ನೂರಕ್ಕೆ 60 ಪಾಲು ಎಂದರೆ 1.8 ಲಕ್ಷ, ಖರ್ಚಿಗಿಂತ ಕಡಿಮೆ. ಗೆಲ್ಲುವ ಸಾಧ್ಯತೆಯೇ ಹೆಚ್ಚಿದ್ದರೂ ವ್ಯವಹಾರ ಗಿಟ್ಟುವುದಿಲ್ಲ. ಲಾಭ 4 ಲಕ್ಷವಾದರೆ ಲೆಕ್ಕ 2.4 ಲಕ್ಷಕ್ಕೆ ಏರುತ್ತದೆ, ಗಿಟ್ಟುತ್ತದೆ. ಆಗಲೂ ಇನ್ನೊಂದು ಪ್ರಶ್ನೆ ಉಳಿಯಿತು: ಒಣಗಿದರೆ ಮನೆ ತಡೆದೀತೇ? ಒಡವೆ ಅಡವಿಟ್ಟು, ಮೀಟರ್ ಬಡ್ಡಿಗೆ ತಂದ ಹಣವಾದರೆ ಬೇಡ. ಸರಾಸರಿ ಲಾಭ ನೂರು ಬಾರಿ ಆಡುವವರಿಗೆ. ನಿಮಗಿರುವುದು ಒಂದೇ ಆಟ.

ಲಾರಿ ಬರುವ ಹಿಂದಿನ ದಿನವೇ ಎಷ್ಟು ಅಡಿಗೆ ನಿಲ್ಲಿಸಬೇಕು ಎಂದು ಬರೆದು ಮನೆಯವರ ಕೈಗೆ ಕೊಡಿ. ದೂಳು ಏಳುತ್ತಿರುವಾಗ ‘ಇಷ್ಟು ಇಳಿದಾಯ್ತು, ಇನ್ನೊಂದು 50 ಅಡಿ’ ಎಂಬ ಮಾತು ಬಂದೇ ಬರುತ್ತದೆ. ಆಗಿಹೋದ ಖರ್ಚು ಕೆಳಗೆ ನೀರಿದೆ ಎನ್ನಲು ಸಾಕ್ಷಿಯಲ್ಲ. ಮೇಲೆ ಬರುವ ಪುಡಿ ಒದ್ದೆಯಾದರೆ ಅದು ಸಾಕ್ಷಿ. ಮಿತಿ ಬದಲಿಸಲು ಅಂಥ ಕಾರಣ ಮಾತ್ರ ಸಲ್ಲಬೇಕು.

ಇಷ್ಟು ಮಾಡಿಯೂ ಬೋರ್ ಒಣಗಬಹುದು. ಅಷ್ಟರಿಂದಲೇ ತೀರ್ಮಾನ ತಪ್ಪಾಗಿತ್ತು ಎನ್ನಲಾಗದು. ಅಂದು ಕೈಯಲ್ಲಿದ್ದ ಆಧಾರದ ಮೇಲೆ ಅದನ್ನು ಅಳೆಯಿರಿ. ಬಾಯಿ ಭದ್ರವಾಗಿ ಮುಚ್ಚಿಸಿ, ಅಡಿ, ತಿಂಗಳು, ಪಾಯಿಂಟ್ ಹಾಕಿದವರು ಯಾರು ಎಂಬುದನ್ನು ಅದೇ ಪಟ್ಟಿಗೆ ಸೇರಿಸಿ, ಪಕ್ಕದ ಹೊಲದವರು ಕೊರೆಸಲು ಹೊರಟಾಗ ತೋರಿಸಿ.