ಹೊಕ್ಕುಳಬಳ್ಳಿಯ ರಕ್ತ ಎಷ್ಟು ಸಿಗುತ್ತದೆ? ಹೆರಿಗೆ ಕೋಣೆಯ ನನ್ನ ಅನುಭವ

ಮುಂದೆ ಕಸಿ ಚಿಕಿತ್ಸೆಗೆ ಬಳಸಲೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಹೆರಿಗೆಯ ಹೊತ್ತಿನಲ್ಲಿ ಒಂದು ಬ್ಯಾಗಿನಲ್ಲಿ ಸಂಗ್ರಹಿಸುತ್ತೇವೆ. ಒಂದು ಹೆರಿಗೆಯಲ್ಲಿ ಬ್ಯಾಗ್ ಚೆನ್ನಾಗಿ ತುಂಬುತ್ತದೆ, ಇನ್ನೊಂದರಲ್ಲಿ ಅರ್ಧಕ್ಕೂ ಬರುವುದಿಲ್ಲ. ಯಾಕೆ ಹೀಗೆ ಅಂತ ಹೆರಿಗೆ ಮಾಡಿಸುವ ಡಾಕ್ಟರಾದ ನನ್ನನ್ನು ಅನೇಕರು ಕೇಳುತ್ತಾರೆ.

ಕೆಲವು ಸಂಗತಿ ಯಾರ ಕೈಯಲ್ಲೂ ಇಲ್ಲ. ಮಗುವಿನ ತೂಕ ಚೆನ್ನಾಗಿದ್ದು ಮಾಸು ದೊಡ್ಡದಿದ್ದರೆ ರಕ್ತ ಜಾಸ್ತಿ ಸಿಗುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾದರೆ ಕಡಿಮೆ. ತಾಯಿಗೆ ಜ್ವರ, ಸೋಂಕು ಇದ್ದರೆ ಸಂಗ್ರಹವನ್ನೇ ಬಿಡಬೇಕಾಗಬಹುದು.

ನಮ್ಮ ಕೈಯಲ್ಲಿರುವ ದೊಡ್ಡ ಸಂಗತಿ ಬಳ್ಳಿಗೆ ಕ್ಲ್ಯಾಂಪ್ (ರಕ್ತ ಹರಿಯದಂತೆ ಬಿಗಿಯುವ ಕ್ಲಿಪ್) ಹಾಕುವ ಹೊತ್ತು. ಕನಿಷ್ಠ 1 ನಿಮಿಷ ಕಾಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಹೊತ್ತಿನಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿಯುತ್ತದೆ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಅದರಲ್ಲಿದೆ. ಬ್ಯಾಗಿಗೆ ಕಡಿಮೆ ಬೀಳುತ್ತದೆ, ನಿಜ. ಆದರೂ ನಾನು ಕಾಯುತ್ತೇನೆ. ಬೇಗ ಕ್ಲ್ಯಾಂಪ್ ಹಾಕಿ ಅಂತ ಮನೆಯವರು ಕೇಳಿಕೊಂಡರೂ ಒಪ್ಪುವುದಿಲ್ಲ. ಅದು ಮೊದಲು ಮಗುವಿನ ರಕ್ತ, ಅಲ್ವಾ?

ಬಳ್ಳಿ ಕತ್ತರಿಸಿದ ಮೇಲೆ ಮಾತ್ರ ತಡ ಮಾಡಬಾರದು. ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮಾಸು ಇನ್ನೂ ಒಳಗಿದ್ದರೆ ಗರ್ಭಕೋಶದ ಬಿಗಿತವೇ ರಕ್ತವನ್ನು ಹೊರಗೆ ತಳ್ಳುತ್ತದೆ. ಅದಕ್ಕೇ ಮಾಸು ಬೀಳುವ ಮೊದಲೇ ಶುರು ಮಾಡುತ್ತೇನೆ. ಬಳ್ಳಿಯನ್ನು ಸೋಂಕುನಾಶಕದಿಂದ ಚೆನ್ನಾಗಿ ಒರೆಸುತ್ತೇನೆ, ಇಲ್ಲಿ ಅವಸರ ಮಾಡಿದರೆ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿ ಎಲ್ಲ ವ್ಯರ್ಥ. ಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಭಿಧಮನಿ. ಸೂಜಿ ಹೋಗಬೇಕಾದದ್ದು ದಪ್ಪಗೆ ಉಬ್ಬಿರುವ ಅಭಿಧಮನಿಗೆ. ಮೊದಲ ಸಲ ಕ್ಲ್ಯಾಂಪಿನ ಹತ್ತಿರವೇ ಚುಚ್ಚುತ್ತೇನೆ. ಹರಿವು ನಿಂತರೆ ಮಾಸಿನ ಕಡೆಗೆ ಸರಿದು ಮತ್ತೆ ಚುಚ್ಚಲು ಜಾಗ ಉಳಿದಿರುತ್ತದೆ. ಬ್ಯಾಗನ್ನು ಆದಷ್ಟು ಕೆಳಗೆ ಇಟ್ಟರೆ ರಕ್ತ ತಾನಾಗಿಯೇ ಇಳಿಯುತ್ತದೆ. ನರ್ಸ್ ಅದನ್ನು ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು, ಒಳಗಿರುವ ಹೆಪ್ಪುರೋಧಕ ರಕ್ತದ ಜೊತೆ ಬೆರೆಯಬೇಕಲ್ಲ. ಬಳ್ಳಿ ಬಿಳಿಚಿಕೊಂಡು ಚಪ್ಪಟೆಯಾದರೆ ಮುಗಿಯಿತು.

ಸಿಸೇರಿಯನ್‌ನಲ್ಲಿ ಮಾಸು ಬೇಗ ಹೊರಬರುತ್ತದೆ. ಆಗ ಅದನ್ನು ಎತ್ತರದಲ್ಲಿಟ್ಟು ಸಂಗ್ರಹಿಸಬಹುದು. ತಾಯಿಗೆ ರಕ್ತಸ್ರಾವ ಜಾಸ್ತಿಯಾದರೆ ಬ್ಯಾಗ್ ಪಕ್ಕಕ್ಕೆ ಹೋಗುತ್ತದೆ, ಎರಡನೇ ಮಾತಿಲ್ಲ.

ಬ್ಯಾಗ್ ತುಂಬಿತು ಅಂದ ಮಾತ್ರಕ್ಕೆ ಎಲ್ಲ ಆಯಿತು ಅಂತಲ್ಲ. ಲ್ಯಾಬಿನವರು ನೋಡುವುದು ಅದರಲ್ಲಿರುವ ಜೀವಕೋಶಗಳ ಲೆಕ್ಕ, ಮುಖ್ಯವಾಗಿ ಹೊಸ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳದ್ದು. ಲೆಕ್ಕ ಕಡಿಮೆಯಿದ್ದರೆ ದಾನವಾಗಿ ಬಂದ ಬಳ್ಳಿಯ ರಕ್ತವನ್ನು ಬೇಕಾದ ರೋಗಿಗಳಿಗಾಗಿ ಕಾಪಿಡುವ ಸಾರ್ವಜನಿಕ ಬ್ಯಾಂಕುಗಳು ಕಸಿಗೆ ಇಟ್ಟುಕೊಳ್ಳುವುದಿಲ್ಲ.

1988ರಲ್ಲಿ ಪ್ಯಾರಿಸ್‌ನಲ್ಲಿ ಈ ರಕ್ತದ ಮೊದಲ ಕಸಿ ನಡೆದಾಗ, ಫ್ಯಾಂಕೋನಿ ಅನೀಮಿಯಾ (ಮೂಳೆಮಜ್ಜೆಯಲ್ಲಿ ರಕ್ತ ತಯಾರಾಗುವುದು ಕುಗ್ಗುವ ವಂಶವಾಹಿ ಕಾಯಿಲೆ) ಇದ್ದ ಹುಡುಗನಿಗೆ ಕೊಟ್ಟದ್ದು ಅವನ ತಂಗಿಯ ಬಳ್ಳಿಯ ರಕ್ತ. ಮನೆಯಲ್ಲಿ ಅಂಥ ಕಾಯಿಲೆಯ ಮಗುವಿದ್ದರೆ ಸಂಗ್ರಹಕ್ಕೆ ನಿಜವಾದ ಅರ್ಥವಿದೆ. ವಂಶವಾಹಿ ಕಾಯಿಲೆಗೆ ಮಗುವಿನ ಸ್ವಂತ ರಕ್ತ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಅದರಲ್ಲೂ ಅದೇ ದೋಷ ಇರುತ್ತದೆ. ಇದನ್ನು ಗರ್ಭಿಣಿಗೆ ಮೊದಲೇ ಹೇಳುತ್ತೇನೆ. ಒಪ್ಪಿಗೆ ಪತ್ರಕ್ಕೂ ಆಗಲೇ ಸಹಿ ಹಾಕಿಸಿಕೊಳ್ಳುತ್ತೇನೆ. ನೋವು ಶುರುವಾದ ಮೇಲೆ ಆ ತಾಯಿಯ ಮುಂದೆ ಕಾಗದ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.