ತೆರೆದಿರುವುದು ಒಂದೇ ರನ್: ಸ್ಕೀ ಸೀಸನ್ ಶುರುವಿನ ದಿನಗಳನ್ನು ಪ್ಲಾನ್ ಮಾಡುವುದು ಹೇಗೆ?

ಸೀಸನ್ನಿನ ಮೊದಲ ವಾರಗಳಲ್ಲಿ ಬೆಟ್ಟದ ನಕ್ಷೆ ನೋಡಿ ಸ್ಕೀ ಪ್ಲಾನ್ ಮಾಡಿದರೆ ನಿರಾಸೆ ಗ್ಯಾರಂಟಿ. ನಕ್ಷೆಯಲ್ಲಿ ನೂರಾರು ಗೆರೆಗಳಿರುತ್ತವೆ, ಒಂದೊಂದೂ ಒಂದು ರನ್, ಅಂದರೆ ಸ್ಕೀ ಮಾಡುತ್ತ ಇಳಿಯುವ ದಾರಿ. ತೆರೆದಿರುವುದು ಒಂದೋ ಎರಡೋ. ಸುತ್ತ ಕಂದು ಹುಲ್ಲು, ಕಲ್ಲು. ನಡುವೆ ಒಂದು ಬಿಳಿ ಪಟ್ಟಿ, ಅದರ ಮೇಲೆ ಬಂದವರೆಲ್ಲ. ಹಾಗಂತ ಇಡೀ ಬೆಟ್ಟ ತೆರೆಯುವವರೆಗೆ ಮನೆಯಲ್ಲಿ ಕೂರಬೇಕಿಲ್ಲ. ನಕ್ಷೆಯನ್ನು ಮಡಚಿಟ್ಟು ಎರಡೇ ವಿಷಯ ಗಮನಿಸಿ: ಸ್ನೋ ಗನ್‌ಗಳು (ಹಿಮ ತಯಾರಿಸುವ ಯಂತ್ರಗಳು) ಎಲ್ಲಿ ಓಡುತ್ತಿವೆ, ಗಂಟೆ ಎಷ್ಟಾಯಿತು.

ಸ್ನೋ ರಿಪೋರ್ಟನ್ನು ಅನುಮಾನದಿಂದ ಓದಿ

‘ಶೇ 10ರಷ್ಟು ತೆರೆದಿದೆ’ ಎಂದರೆ ಯಾವುದರ ಶೇ 10? ರನ್‌ಗಳ ಲೆಕ್ಕವೋ, ಜಾಗದ ಲೆಕ್ಕವೋ? ಒಂದೇ ಉದ್ದನೆಯ ರನ್ನನ್ನು ಮೇಲಿನದು, ನಡುವಿನದು, ಕೆಳಗಿನದು ಎಂದು ಮೂರಾಗಿ ಎಣಿಸುವುದೂ ಉಂಟು. ಅದಕ್ಕೇ ಶೇಕಡಾವಾರು ಬಿಟ್ಟು ಲಿಫ್ಟ್ ನೋಡಿ. 400-500 ಮೀಟರ್ ಎತ್ತರ ಏರಿಸುವ ಒಂದು ಲಿಫ್ಟ್ ತೆರೆದಿದ್ದರೆ ಒಂದು ದಿನಕ್ಕೆ ಸಾಕು. ತಪ್ಪಲಿನಲ್ಲಿ ಮೂರು ಪುಟ್ಟ ಲಿಫ್ಟ್ ಇದ್ದರೆ, ಹೊಸಬರಲ್ಲದವರಿಗೆ ಒಂದು ಗಂಟೆಯಲ್ಲಿ ಬೇಜಾರು.

ಸ್ಕೀ ಮಾಡುತ್ತಲೇ ಬುಡದವರೆಗೆ ಇಳಿಯಬಹುದೇ ಎಂದೂ ಕೇಳಿಕೊಳ್ಳಿ. ಅಮೆರಿಕದ ವರ್ಮಾಂಟ್‌ನ ಕಿಲ್ಲಿಂಗ್ಟನ್‌ನಲ್ಲಿ ಸೀಸನ್ ಶುರುವಿನಲ್ಲಿ ಗೊಂಡೋಲಾ (ಮುಚ್ಚಿದ ಕೇಬಲ್ ಕಾರು) ಹತ್ತಿ ಮೇಲೆ ಹೋಗಬೇಕು. ಅಲ್ಲಿಂದ ಸ್ಕೀ ಹೊತ್ತು ಒಂದು ನಡೆದಾರಿ ದಾಟಬೇಕು. ಬೆಟ್ಟದ ಮೇಲ್ಭಾಗದ ನಾರ್ತ್ ರಿಡ್ಜ್‌ನಲ್ಲಿ ಸುತ್ತು ಹಾಕಿ, ಮತ್ತೆ ಗೊಂಡೋಲಾದಲ್ಲೇ ಇಳಿಯಬೇಕು. ಇದು ಮೊದಲೇ ಗೊತ್ತಿದ್ದರೆ ನಡಿಗೆಗೂ ವಾಪಸ್ ಕ್ಯೂಗೂ ಸಮಯ ಎತ್ತಿಡಬಹುದು.

ಮುಂದೆ ಏನು ತೆರೆಯುತ್ತದೆ? ಗನ್‌ಗಳನ್ನು ಕೇಳಿ

ನನ್ನ ಪ್ರಕಾರ ಈ ದಿನಗಳಲ್ಲಿ ಹಿಮಪಾತದ ಮುನ್ಸೂಚನೆಗಿಂತ ಉಪಯುಕ್ತವಾದದ್ದು ತೇವಾಂಶದ ಮುನ್ಸೂಚನೆ. ಸ್ನೋ ಗನ್ ಹಾರಿಸುವುದು ನೀರಿನ ಸಣ್ಣ ಹನಿಗಳನ್ನು. ನೆಲ ಮುಟ್ಟುವ ಮೊದಲೇ ಅವು ಹೆಪ್ಪುಗಟ್ಟಬೇಕು. ಗಾಳಿ ಒಣಗಿದ್ದರೆ ಹನಿಯಿಂದ ಸ್ವಲ್ಪ ನೀರು ಆವಿಯಾಗಿ, ಉಳಿದದ್ದು ಬೇಗ ತಣ್ಣಗಾಗುತ್ತದೆ. ಹಾಗಾಗಿ ಗನ್ ಓಡಿಸುವವರು ನೋಡುವುದು ಬರೀ ಥರ್ಮಾಮೀಟರನ್ನಲ್ಲ, ತೇವಾಂಶವನ್ನೂ ಸೇರಿಸಿದ ‘ವೆಟ್ ಬಲ್ಬ್’ ತಾಪಮಾನವನ್ನು. ಅದು ಸುಮಾರು ಮೈನಸ್ 2 ಡಿಗ್ರಿ ಸೆಲ್ಸಿಯಸ್‌ಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಗಾಳಿ ಚೆನ್ನಾಗಿ ಒಣಗಿದ್ದರೆ ಸೊನ್ನೆ ಡಿಗ್ರಿಯಲ್ಲೂ ಹಿಮ ಬರುತ್ತದೆ. ಮಂಜು ಕವಿದ ಮೈನಸ್ 1ರಲ್ಲಿ ಬರುವುದು ಕೆಸರಿನಂಥ ನೀರು.

ಆದ್ದರಿಂದ ಒಣ, ಚಳಿ ರಾತ್ರಿಗಳು ಸಾಲಾಗಿ ಬಂದರೆ ಖುಷಿಪಡಿ. ವೆಬ್‌ಕ್ಯಾಮ್ ತೆರೆದು ಯಾವ ರನ್ ಮೇಲೆ ಹಿಮದ ದಿಬ್ಬಗಳು ಏಳುತ್ತಿವೆ ನೋಡಿ. ಮುಂದೆ ತೆರೆಯುವುದು ಹೆಚ್ಚಾಗಿ ಅದೇ. ಆದರೆ ಗನ್ ನಿಂತ ಮರುದಿನವೇ ಓಡಬೇಡಿ. ದಿಬ್ಬಗಳಿಂದ ನೀರು ಬಸಿದು ಹೋಗಬೇಕು, ಆಮೇಲೆ ಸ್ನೋಕ್ಯಾಟ್ (ಹಿಮ ಹದ ಮಾಡುವ ದೊಡ್ಡ ವಾಹನ) ಬಂದು ಹರಡಬೇಕು.

ಕಾಡಿನ ನಡುವಿನ ದಾರಿ, ಮೇಲಿನ ಬೋಲ್‌ಗಳು (ಬಟ್ಟಲಿನಾಕಾರದ ತೆರೆದ ಇಳಿಜಾರುಗಳು) ಕೊನೆಗೆ ತೆರೆಯುವುದು ಯಾಕೆ? ಅಲ್ಲಿ ಸಾಮಾನ್ಯವಾಗಿ ಗನ್ ಇರುವುದಿಲ್ಲ, ತಾನಾಗಿ ಬೀಳುವ ಹಿಮವೇ ಗತಿ. ಆಗಷ್ಟೇ ಬಿದ್ದ ಹಿಮ ಘನ ಮೀಟರ್‌ಗೆ 50ರಿಂದ 100 ಕಿಲೊ ತೂಗಿದರೆ, ಯಂತ್ರದ ಹಿಮ 400 ಕಿಲೊ ಆಸುಪಾಸು. ಅದೇ 30 ಸೆಂಟಿಮೀಟರ್ ಯಂತ್ರದ ಹಿಮ ಸಾವಿರಾರು ಸ್ಕೀಗಳನ್ನು ತಾಳಿಕೊಳ್ಳುತ್ತದೆ. ಹಗುರ ಹಿಮ ಅದುಮಿ ಹೋಗಿ ಕೆಳಗಿನ ಕಲ್ಲು ತಗಲುತ್ತದೆ.

ಇದಕ್ಕೆಲ್ಲ ಹೊರತಾದ ಜಾಗಗಳೂ ಇವೆ. ಫಿನ್ಲೆಂಡಿನ ರುಕಾ ಮತ್ತು ಲೆವಿಯಲ್ಲಿ ಹಿಂದಿನ ಚಳಿಗಾಲದ ಹಿಮವನ್ನೇ ಹೊದಿಕೆ ಹಾಕಿ ಕಾಪಾಡಿ, ಅಕ್ಟೋಬರ್‌ನಲ್ಲಿ ಹರಡುತ್ತಾರೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಹಿಮನದಿಯ ಮೇಲೆ ವರ್ಷವಿಡೀ ಸ್ಕೀ ನಡೆಯುತ್ತದೆ. ಕಾಯುವ ತಾಳ್ಮೆ ಇಲ್ಲದವರಿಗೆ ಅದೇ ದಾರಿ.

ಬೆಳ್ಳಗಿದ್ದರೂ ಹಗ್ಗ ಕಟ್ಟಿದ್ದಾರಲ್ಲ?

ಲಿಫ್ಟ್‌ನಲ್ಲಿ ಕುಳಿತವರ ಖಾಯಂ ಗೊಣಗಾಟ ಇದು. ಆ ಹಗ್ಗದಾಚೆ ಇನ್ನೂ ಕೆಲಸ ಬಾಕಿ ಇರುತ್ತದೆ. ಕಲ್ಲು, ಮರದ ಬುಡಗಳಿಗೆ ಬಿದಿರು ಕೋಲಿನ ಗುರುತು ನೆಡಬೇಕು. ಕಂಬಗಳಿಗೆ ಮೆತ್ತೆ ಕಟ್ಟಬೇಕು. ಗಾಯಾಳುವನ್ನು ಸ್ಲೆಡ್‌ನಲ್ಲಿ ಇಳಿಸಲು ದಾರಿ ಬೇಕು. ಕಡಿದಾದ ರನ್‌ಗಳಲ್ಲಿ ಸ್ನೋಕ್ಯಾಟನ್ನು ಉಕ್ಕಿನ ಕೇಬಲ್‌ಗೆ ಕಟ್ಟಿ ಓಡಿಸುತ್ತಾರೆ. ಬಿಗಿಯಾಗಿ ಎಳೆದ ಆ ಕೇಬಲ್ ಕಣ್ಣಿಗೆ ಬೀಳುವುದೇ ಕಷ್ಟ.

ಎಲ್ಲಕ್ಕಿಂತ ಅಪಾಯದ ಸಂಗತಿ ಹಿಮದ ಒಳಗೇ ಇದೆ. ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲೆ ಕೊರೆಯುವ ಗಾಳಿ. ನಡುವೆ ತೆಳು ಹಿಮ. ಈ ವ್ಯತ್ಯಾಸದಿಂದ ಕೆಳಪದರ ಸಕ್ಕರೆಯಂತೆ ಸಡಿಲ ಹರಳುಗಳಾಗುತ್ತದೆ. ಮುಂದೆ ದಪ್ಪ ಹಿಮ ಬಿದ್ದಾಗ ಅದು ಕುಸಿದು ಹಿಮಕುಸಿತ (ಅವಲಾಂಚ್) ಆಗಬಹುದು. ಹಗ್ಗದ ಕೆಳಗೆ ನುಸುಳುವುದು ಸುಮ್ನೆ ಹಠ ಅಷ್ಟೆ. ಬೇಡವೇ ಬೇಡ.

ಬೆಳಗಿನ ಎರಡು ಗಂಟೆ

ಈಗ ಗಡಿಯಾರದ ಲೆಕ್ಕ. ಲಿಫ್ಟ್ ಏರಲು 8 ನಿಮಿಷ, ಇಳಿಯಲು 5 ನಿಮಿಷ ಅಂದುಕೊಳ್ಳಿ. ಬೆಳಿಗ್ಗೆ ಕ್ಯೂ 3 ನಿಮಿಷವಾದರೆ ಒಂದು ಸುತ್ತಿಗೆ 16 ನಿಮಿಷ. ಎರಡು ಗಂಟೆಯಲ್ಲಿ ಏಳು ಸುತ್ತು ಆಯ್ತು. ಕ್ಯೂ 15 ನಿಮಿಷಕ್ಕೆ ಬೆಳೆದರೆ ಅದೇ ಏಳು ಸುತ್ತಿಗೆ ಮೂರು ಗಂಟೆ ಮೀರುತ್ತದೆ. ಹಿಮವೂ ಬೆಳಿಗ್ಗೆಯೇ ಚೆನ್ನ. ರಾತ್ರಿ ಹದ ಮಾಡಿದ ಮೇಲ್ಮೈ ಹನ್ನೊಂದರ ಹೊತ್ತಿಗೆ ಕೆರೆದು ಹೋಗಿ ಗಟ್ಟಿಯಾಗುತ್ತದೆ. ವಾರದ ನಡುವಿನ ದಿನ, ಮೊದಲ ಲಿಫ್ಟ್, ಜನ ಹೆಚ್ಚಾದಾಗ ಬೇಗ ಊಟ. ಒಬ್ಬರೇ ಬಂದಿದ್ದರೆ, ಖಾಲಿ ಉಳಿದ ಸೀಟು ತುಂಬಿಸುವ ಸಿಂಗಲ್ಸ್ ಸಾಲಿಗೆ ನಿಲ್ಲಿ.

ಒಂದೇ ರನ್ನನ್ನು ಹಲವು ಬಗೆಯಲ್ಲಿ ಆಡಿ

ಮೊದಲ ಸುತ್ತು ನಿಧಾನವಾಗಿ, ಬರೀ ನೋಡಲು. ಎಲ್ಲಿ ನೆಲ ಕಾಣುತ್ತಿದೆ, ಎಲ್ಲಿ ಜನ ಒತ್ತುತ್ತಾರೆ, ಎಲ್ಲಿ ಜಾರುತ್ತದೆ. ಎರಡನೆಯದರಲ್ಲಿ ಪಟ್ಟಿಯ ಒಂದು ಬದಿ ಹಿಡಿದು ಚಿಕ್ಕ ಚಿಕ್ಕ ತಿರುವು. ಕೆರೆದು ಹೋದ ಕಡಿದಾದ ಜಾಗದಲ್ಲಿ ಅಡ್ಡಜಾರುವ ಅಭ್ಯಾಸ ಮಾಡಿ. ಇದನ್ನು ಯಾರೂ ಇಷ್ಟಪಡುವುದಿಲ್ಲ, ಆದರೆ ಸ್ಕೀ ಅಂಚಿನ ಮೇಲಿನ ಹಿಡಿತ ಕಲಿಸುವುದು ಇದೇ. ಮಟ್ಟಸವಾದ ಕಡೆ ಒಂದು ಕಾಲೆತ್ತಿ ತಿರುಗಿ ನೋಡಿ. ವೇಗ ಜಾಸ್ತಿ ಬೇಡ. ಈ ಇಕ್ಕಟ್ಟಿನಲ್ಲಿ ಮೊದಲ ಬಾರಿ ಬಂದವರೂ ರೇಸ್‌ನವರೂ ಒಟ್ಟಿಗಿರುತ್ತಾರೆ. ನಿಮ್ಮ ಮುಂದೆ, ಕೆಳಗೆ ಇರುವವರಿಗೇ ಆದ್ಯತೆ. ನಿಲ್ಲುವುದಿದ್ದರೆ ಅಂಚಿನಲ್ಲಿ, ಮೇಲಿನಿಂದ ಕಾಣುವಂತೆ ನಿಲ್ಲಿ.

ಹೊಸ ಸ್ಕೀ ಇದ್ದರೆ ಅದನ್ನು ಮನೆಯಲ್ಲೇ ಬಿಡಿ. ಹಳೆಯದಕ್ಕೆ ಅಂಚು ಹರಿತ ಮಾಡಿಸಿ ತನ್ನಿ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ಪರೀಕ್ಷೆ ಮಾಡಿಸಿ.

ಹಗ್ಗ ಬಿಚ್ಚಿದಾಗ

ಹೊಸ ರನ್ ನಡುಹಗಲಲ್ಲೇ ತೆರೆಯಬಹುದು. ಸ್ಕೀ ಪ್ಯಾಟ್ರೋಲ್‌ನವರು (ಬೆಟ್ಟದ ಸುರಕ್ಷತಾ ಸಿಬ್ಬಂದಿ) ಕೋಲುಗಳನ್ನು ಹೊತ್ತು ಅತ್ತ ಹೊರಟರೆ ಅದೇ ಸುಳಿವು. ಲಿಫ್ಟ್ ಸಿಬ್ಬಂದಿಯನ್ನು ಕೇಳಿದರೂ ಗೊತ್ತಾಗುತ್ತದೆ. ಹಗ್ಗದ ಮುಂದೆ ಗಂಟೆಗಟ್ಟಲೆ ಕಾಯಬೇಡಿ, ಸುತ್ತು ಹಾಕುತ್ತಲೇ ಕಣ್ಣಿಡಿ. ತೆರೆದ ಮೇಲೆ ಮೊದಲ ಇಳಿತ ನಡುಭಾಗದಲ್ಲೇ ಇರಲಿ. ಅಂಚಿನಲ್ಲಿ ಹಿಮ ತೆಳು, ಕಲ್ಲು ಜಾಸ್ತಿ. ಮಧ್ಯಾಹ್ನ ಕಳೆದು ಬೆಳಕು ಮಂಕಾಗಿ, ತೊಡೆ ನಡುಗುತ್ತಿದ್ದರೆ ಹೊಸ ರನ್ ನಾಳೆಗಿರಲಿ. ಕೆಳಗಿಳಿಯಲು ಲಿಫ್ಟ್ ಬಿಡುತ್ತಿದ್ದರೆ ನಾಚಿಕೆಪಡದೆ ಅದರಲ್ಲೇ ಇಳಿಯಿರಿ.