ನಾಡಿ 97 ದಾಟಿದರೆ ಮಲಗು: ಎಂಇ/ಸಿಎಫ್‌ಎಸ್ ಜೊತೆ ನನ್ನ ಲೆಕ್ಕಾಚಾರ

ನನಗಿರುವುದು ಎಂಇ/ಸಿಎಫ್‌ಎಸ್, ಮಲಗಿದರೂ ಹೋಗದ, ಸ್ವಲ್ಪ ಶ್ರಮಕ್ಕೇ ಕೆರಳುವ ದಣಿವಿನ ಕಾಯಿಲೆ. ಈ ವರ್ಷ ಗಿರಾಕಿಗಳ ಮಾರ್ಚ್ ಲೆಕ್ಕ ಮುಗಿಸಿದ ಮೇಲೂ ನಾನು ಎದ್ದು ಓಡಾಡುತ್ತಿದ್ದೇನೆ. ಇದನ್ನು ಬರೆಯಲು ಅದೇ ಕಾರಣ. ಹಿಂದಿನ ಮೂರ್ನಾಲ್ಕು ವರ್ಷ ಏಪ್ರಿಲ್ ಅಂದರೆ ಹಾಸಿಗೆ, ಕಿಟಕಿಗೆ ಪರದೆ, ಫೋನ್ ಸೈಲೆಂಟ್. "ಮಲಗಿ ಮಲಗಿಯೇ ಉದಾಸೀನ ಜಾಸ್ತಿ ಆಗುವುದು ಮಾರಾಯ" ಎನ್ನುತ್ತಿದ್ದ ಬಾವ ಈಗ ತಮ್ಮ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನೂ ನನಗೇ ಕೊಟ್ಟಿದ್ದಾರೆ. ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಬೇಜಾರು ಮಾಡಬೇಡಿ.

ಕ್ರ್ಯಾಶ್ ಅಂದರೇನು, ಪೇಸಿಂಗ್ ಅಂದರೇನು ಎಂದು ಈ ಕಾಯಿಲೆ ಇದ್ದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ: ಶ್ರಮದ ನಂತರ ಮೈ ಪೂರ್ತಿ ಕುಸಿಯುವುದು ಕ್ರ್ಯಾಶ್, ಹಾಗಾಗದಂತೆ ಶಕ್ತಿಯನ್ನು ಅಳೆದು ಖರ್ಚು ಮಾಡುವುದು ಪೇಸಿಂಗ್. ನನ್ನದು ಡೆಂಗಿಯಿಂದ ಶುರುವಾದದ್ದು. 2019ರ ಮಳೆಗಾಲದಲ್ಲಿ ಮಂಗಳೂರಲ್ಲಿ ಡೆಂಗಿ ಜೋರಿತ್ತಲ್ವಾ, ಆಗ ನಾವು ಜೆಪ್ಪುವಿನಲ್ಲಿ ಬಾಡಿಗೆಗಿದ್ದೆವು. ಜ್ವರ ವಾರದಲ್ಲಿ ಬಿಟ್ಟಿತು. ಪ್ಲೇಟ್ಲೆಟ್ ಮೇಲೆ ಬಂತು. ನಾನು ಮಾತ್ರ ಮೇಲೆ ಬರಲಿಲ್ಲ.

ಮೊದಲ ಎರಡು ವರ್ಷದಲ್ಲಿ ಹೋದ ದುಡ್ಡು ಅಂದಾಜು ಎರಡೂವರೆ ಲಕ್ಷ. ಥೈರಾಯ್ಡ್ ಪರೀಕ್ಷೆಯೇ ನಾಲ್ಕೈದು ಸಲ ಆಗಿರಬೇಕು, ಪ್ರತಿ ಹೊಸ ಡಾಕ್ಟರಿಗೆ ಹೊಸ ರಿಪೋರ್ಟೇ ಬೇಕು. ಎಂಆರ್‌ಐ, ಎಂಡೋಸ್ಕೋಪಿ, ಎಲ್ಲ ನಾರ್ಮಲ್. ಕೋ-ಎಂಜೈಮ್ ಮಾತ್ರೆಗೆ ತಿಂಗಳಿಗೆ ಒಂದೂವರೆ ಸಾವಿರ, ಏನೂ ಆಗಲಿಲ್ಲ. ಪಂಚಕರ್ಮಕ್ಕೆ ಸುಮಾರು 45,000. ಎಣ್ಣೆ ಉಜ್ಜುವವರೆಗೆ ಹಿತವಾಗಿತ್ತು. ಆವಿಪೆಟ್ಟಿಗೆಯಿಂದ ಹೊರಗೆ ಬಂದವನು ಅಲ್ಲೇ ನೆಲದ ಮೇಲೆ ಕೂತೆ, ಮತ್ತೆ ಹತ್ತು ದಿನ ಸರಿಯಾಗಿ ಏಳಲಾಗಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನಾಗನಿಗೆ ಆಶ್ಲೇಷಾ ಬಲಿ ಪೂಜೆಯೂ ಆಯಿತು. ಅದರ ಖರ್ಚಿನ ಬಗ್ಗೆ ಬೇಸರವಿಲ್ಲ, ಅಮ್ಮನಿಗೆ ಸಮಾಧಾನ. ಆದರೆ ಹೊಗೆಯ ನಡುವೆ ನಿಂತದ್ದಕ್ಕೆ ಎರಡು ದಿನ ಬಿಟ್ಟು ಬಡ್ಡಿ ಸಮೇತ ಕಟ್ಟಬೇಕಾಯಿತು.

ದೊಡ್ಡ ಪೆಟ್ಟು ಬಿದ್ದದ್ದು ವ್ಯಾಯಾಮದಿಂದ. ಒಬ್ಬ ಫಿಸಿಯೋ ಚಾರ್ಟ್ ಬರೆದುಕೊಟ್ಟರು, ವಾರಕ್ಕೆ ಐದೈದು ನಿಮಿಷ ನಡಿಗೆ ಜಾಸ್ತಿ ಮಾಡಿ ಎಂದು. ಮೂರನೇ ವಾರ ಕದ್ರಿ ಪಾರ್ಕಿನ ಬೆಂಚಿನಿಂದ ಆಟೋದಲ್ಲಿ ಮನೆಗೆ ಬಂದೆ. "ಮನಸ್ಸು ಗಟ್ಟಿ ಮಾಡಬೇಕು" ಎಂದರು. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ಹೀಗೆ ಹಂತಹಂತವಾಗಿ ಏರಿಸುವ ವ್ಯಾಯಾಮವನ್ನು ಈ ಕಾಯಿಲೆಗೆ ಕೊಡಬೇಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಆ ಪುಟ ಪ್ರಿಂಟ್ ತೆಗೆದು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಎರಡು ರೂಪಾಯಿಯ ಆ ಪ್ರಿಂಟಿನಷ್ಟು ಕೆಲಸ ಎಂಆರ್‌ಐ ಕೂಡ ಮಾಡಲಿಲ್ಲ.

ದಾರಿ ಸಿಕ್ಕಿದ್ದು ಮನೆಯ ಗೋಡೆಯ ಹತ್ತಿರ. ನಿಂತಾಗ ನಾಡಿ, ಬಿಪಿ ಹೇಗೆ ಬದಲಾಗುತ್ತದೆ ಎಂದು ನೋಡಲು ಒರಗಿ ನಿಲ್ಲುವ ಪರೀಕ್ಷೆ ಒಂದಿದೆ, ನಾಸಾ ಲೀನ್ ಟೆಸ್ಟ್. ಹತ್ತು ನಿಮಿಷ ಮಲಗಿ, ಆಮೇಲೆ ಹಿಮ್ಮಡಿ ಗೋಡೆಯಿಂದ ಸುಮಾರು ಅರ್ಧ ಅಡಿ ದೂರ ಇಟ್ಟು, ಬೆನ್ನು ಒರಗಿಸಿ ಹತ್ತು ನಿಮಿಷ ನಿಲ್ಲುವುದು. ಹೆಂಡತಿ ಪಕ್ಕದಲ್ಲಿ ಬಿಪಿ ಮೆಷಿನ್ ಹಿಡಿದು ನಿಮಿಷಕ್ಕೊಮ್ಮೆ ಬರೆದಳು. ಮಲಗಿದಾಗ ನಾಡಿ 70ರ ಆಸುಪಾಸು, ಎಂಟನೇ ನಿಮಿಷಕ್ಕೆ 112. ಬಿಪಿ ಇಳಿಯಲಿಲ್ಲ. ಹತ್ತು ನಿಮಿಷದೊಳಗೆ ನಾಡಿ 30 ಏರಿ ಹಾಗೆಯೇ ನಿಂತರೆ ಪಾಟ್ಸ್, ಅಂದರೆ ಎದ್ದು ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ, ಎಂದು ನೋಡುತ್ತಾರೆ. ಬೇರೆ ಬೇರೆ ದಿನ ಬರೆದ ಹಾಳೆಗಳನ್ನು ಹಿಡಿದು ಹೋದೆ. ಆ ಡಾಕ್ಟರು ಮೊದಲ ಸಲ ಪೆನ್ನು ಕೆಳಗಿಟ್ಟು ಕೇಳಿದರು. ನಾಡಿ ಇಳಿಸುವ ಪ್ರೊಪ್ರನೊಲಾಲ್ ಮಾತ್ರೆ ಕಡಿಮೆ ಡೋಸಿನಲ್ಲಿ ಬರೆದರು. ಅಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ, ನನಗಿಲ್ಲ.

ಒಬ್ಬನೇ ಇರುವಾಗ ಈ ಪರೀಕ್ಷೆ ಮಾಡಬೇಡಿ, ಬಿದ್ದೀರಿ.

ಇನ್ನು ನಾಡಿಯ ಗೆರೆ, ಅಂದರೆ ನಾಡಿ ದಾಟಬಾರದ ಸಂಖ್ಯೆ. 220ರಲ್ಲಿ ವಯಸ್ಸು ಕಳೆದು 0.6ರಿಂದ ಗುಣಿಸುವ ಲೆಕ್ಕ ಈ ಕಾಯಿಲೆಯವರಿಗೆ ಗೊತ್ತು. 43 ವಯಸ್ಸಿಗೆ 106 ಬಂತು. ಆ ಗೆರೆಯೊಳಗೇ ಇದ್ದರೂ ಕ್ರ್ಯಾಶ್ ಆಗುತ್ತಿತ್ತು. 0.55ಕ್ಕೆ ಇಳಿಸಿದೆ, 97. ಅಲ್ಲಿ ನಿಂತಿತು. ಮಾತ್ರೆ ಶುರು ಮಾಡಿದ ಮೇಲೆ ಈ ಸಂಖ್ಯೆಯನ್ನು ನಂಬುವ ಹಾಗಿಲ್ಲ. ಮಾತ್ರೆ ನಾಡಿಯನ್ನು ಹಿಡಿದಿಡುತ್ತದೆ, ದಣಿವನ್ನಲ್ಲ. ಹಾಗಾಗಿ ಮಾತ್ರೆಯ ಪ್ರಭಾವ ಇರುವ ಗಂಟೆಗಳಿಗೆ ಬೇರೆ ಗೆರೆ ಇಟ್ಟುಕೊಂಡಿದ್ದೇನೆ. ಅದು ಎಷ್ಟು ಎಂದು ಹೇಳುವುದಿಲ್ಲ, ನಿಮ್ಮದು ನೀವೇ ಹುಡುಕಬೇಕು. ನಾಡಿ ಅಳೆಯುವ ಕೈಗಡಿಯಾರ ಮೊದಲು ಎರಡು ಸಾವಿರದ್ದು ತೆಗೆದೆ. ಮೆಟ್ಟಿಲು ಹತ್ತಿ ಮುಗಿದು ಕೂತ ಮೇಲೆ ಅಲಾರಂ ಹೊಡೆಯುವಂಥದ್ದು. ಐದು ಸಾವಿರ ಕೊಟ್ಟು ಎದೆಪಟ್ಟಿ ತಂದೆ. ಸೆಖೆಯಲ್ಲಿ ಅದರ ಅಡಿ ಚರ್ಮ ಕೆಂಪಾಗುತ್ತದೆ, ತುರಿಕೆ. ಆದರೂ ಸುಳ್ಳು ಹೇಳುವುದಿಲ್ಲ.

ಮಾತ್ರೆಯ ಪ್ರಭಾವ ಇಲ್ಲದ ಗಂಟೆಗಳಲ್ಲಿ 97 ದಾಟಿದರೆ ಮಲಗುವುದು. ಕೂರುವುದಲ್ಲ, ಮಲಗುವುದು. ತರಕಾರಿ ಹೆಚ್ಚುವುದು ಅರ್ಧದಲ್ಲಿರಲಿ, ಫೋನಿನಲ್ಲಿ ಗಿರಾಕಿ ಇರಲಿ. ಮನೆಗೆ ಬಂದವರಿಗೆ ವಿಚಿತ್ರ ಅನಿಸುತ್ತದೆ, ಅನಿಸಲಿ. ಬಚ್ಚಲಿನಲ್ಲಿ ಸ್ಟೂಲ್, ಅಡುಗೆಮನೆಯಲ್ಲಿ ಎತ್ತರದ ಸ್ಟೂಲ್, ಚಾವಡಿಯಲ್ಲಿ ಮಂಚ. ಹಂಡೆಯ ಬಿಸಿನೀರಿನ ಸ್ನಾನ ಬಿಟ್ಟೆ. ಕರಾವಳಿಯವನಿಗೆ ಇದಕ್ಕಿಂತ ದೊಡ್ಡ ತ್ಯಾಗ ಇಲ್ಲ. ಈಗ ಉಗುರುಬೆಚ್ಚಗಿನ ನೀರು, ಅದೂ ಸಂಜೆ. ಜೆಪ್ಪುವಿನ ಎರಡನೇ ಮಹಡಿ ಬಿಟ್ಟು ಉಡುಪಿಯ ಕುಂಜಿಬೆಟ್ಟಿಗೆ ನೆಲಮಹಡಿಯ, ಮೆಟ್ಟಿಲಿಲ್ಲದ ಮನೆಗೆ ಬಂದದ್ದೂ ಇದಕ್ಕೇ. ಬಾಡಿಗೆ ಎರಡೂವರೆ ಸಾವಿರ ಜಾಸ್ತಿ, ಡಾಕ್ಟರ್ ಖರ್ಚು ಅದಕ್ಕಿಂತ ಹೆಚ್ಚು ಉಳಿಯಿತು.

ಉಪ್ಪಿನ ವಿಷಯಕ್ಕೆ ಬರುತ್ತೇನೆ, ನನ್ನ ಪ್ರೀತಿಯ ವಿಷಯ. ಪಾಟ್ಸ್‌ಗೆಂದು ಡಾಕ್ಟರು ದಿನಕ್ಕೆ ನೀರು ಎರಡೂವರೆ ಲೀಟರ್, ಉಪ್ಪು ಧಾರಾಳ ಎಂದರು. ಮೊದಲು ಓಆರ್‌ಎಸ್ ಕುಡಿದೆ. ಡಬ್ಲ್ಯೂಎಚ್ಓ ಸೂತ್ರದ ಒಂದು ಲೀಟರ್ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ದಿನಕ್ಕೆ ಎರಡು ಪೊಟ್ಟಣ ಅಂದರೆ ತಿಂಗಳಿಗೆ ಸಾವಿರದ ಮೇಲೆ, ಬಾಯಿಗೂ ಬೇಸರ. ಆಗ ಅಜ್ಜಿಯ ಗಂಜಿ ನೆನಪಾಯಿತು. ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು, ಬದಿಗೆ ಮಿಡಿ ಉಪ್ಪಿನಕಾಯಿ. ಹಾಸಿಗೆಯಿಂದ ಏಳುವ ಮೊದಲೇ ಫ್ಲಾಸ್ಕಿನಿಂದ ಒಂದು ಲೋಟ, ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಏಳುವುದು. ಬೆಳಗ್ಗಿನ ನಾಡಿ ಏರುವುದು ಹತ್ತು ಹದಿನೈದರಷ್ಟು ಕಡಿಮೆಯಾಯಿತು. ತಿಳಿಗೆ ಇನ್ನೊಂದು ವಸ್ತು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬಿಪಿ ಜಾಸ್ತಿ ಇರುವವರು, ಕಿಡ್ನಿ, ಹೃದಯದ ತೊಂದರೆ ಇರುವವರು ಈ ಉಪ್ಪಿನ ಹತ್ತಿರ ಬರಲೇಬೇಡಿ.

ಎಳನೀರೂ ಪರೀಕ್ಷೆ ಮಾಡಿದೆ, ಎಲ್ಲರೂ ಹೇಳುತ್ತಾರಲ್ಲ. ಒಂದು ತಿಂಗಳು, ದಿನಕ್ಕೊಂದು, ತಲಾ 60 ರೂಪಾಯಿ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ನನಗೆ ಬೇಕಾದದ್ದು ಉಲ್ಟಾ. ನಾಡಿ ಅಲ್ಲಾಡಲಿಲ್ಲ. ಉಪ್ಪಡ್ ಪಚ್ಚಿಲ್ ಮಾತ್ರ ಒಳ್ಳೆ ಕೆಲಸ ಮಾಡಿತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಈ ಕಾಯಿಲೆಗೆ ಮದ್ದು ಎಂದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲ, ಪಾಪ. ಹೊಟ್ಟೆ ಉಬ್ಬರಿಸುವುದು ಬೇರೆ ಮಾತು.

ರಕ್ತ ಕಾಲಿಗೆ ಇಳಿಯದಂತೆ ಹಾಕುವ ಬಿಗಿ ಸಾಕ್ಸ್ ಬಗ್ಗೆ ಜಗಳ ಇದೆ. 20–30 ಎಂಎಂಎಚ್‌ಜಿ ಒತ್ತಡದ್ದು, ತೊಡೆಯವರೆಗೆ, ಮೂರು ಸಾವಿರದ ಹತ್ತಿರ. ಮಳೆಗಾಲದಲ್ಲಿ ಚೆನ್ನ. ಮೇ ತಿಂಗಳಲ್ಲಿ ಅದನ್ನು ಹಾಕುವಷ್ಟರಲ್ಲೇ ನಾಡಿ 97 ದಾಟುತ್ತದೆ. ಹೊಟ್ಟೆಗೆ ಕಟ್ಟುವ ಪಟ್ಟಿ 400 ರೂಪಾಯಿಯದು, ನನಗೆ ಅದೇ ಜಾಸ್ತಿ ಕೆಲಸ ಮಾಡಿತು.

ನಮ್ಮ ಕಡೆ ನಿಜವಾದ ವೈರಿ ಸೆಖೆ. ಮೈಯ ರಕ್ತನಾಳ ಹಿಗ್ಗುತ್ತವೆ, ರಕ್ತ ಕಾಲಿಗೆ ಇಳಿಯುತ್ತದೆ, ಬೆವರಿನಲ್ಲಿ ಉಪ್ಪು ಹೋಗುತ್ತದೆ, ಗಾಳಿಯ ತೇವಕ್ಕೆ ಬೆವರು ಆರುವುದೂ ಇಲ್ಲ. ಮಾರ್ಚ್ ಅಂತ್ಯಕ್ಕೂ ಸೆಖೆಗೂ ಸರಿಯಾಗಿ ಜೋಡಿಯಾಗುವುದೇ ನನ್ನ ಗ್ರಹಚಾರ. ಒಂದು ಟನ್ನಿನ ಎಸಿ ಹಾಕಿಸಿದೆ, 32,000 ಇರಬೇಕು. ಬಿಲ್ ತಿಂಗಳಿಗೆ ಸಾವಿರದ ಇನ್ನೂರು ಏರಿತು. ಮನೆಯವರು ಗೊಣಗಿದರು. ಈ ಏಪ್ರಿಲ್‌ನಲ್ಲಿ ಗಳಿಸಿದ್ದರಲ್ಲೇ ಅದರ ಅರ್ಧ ದುಡ್ಡು ಬಂತು.

ಕೆಲಸವನ್ನೂ ಒಡೆದೆ. ಮೊದಲು 20ನೇ ತಾರೀಕಿನ ಜಿಎಸ್‌ಟಿ ರಿಟರ್ನ್ ಎಂದು 18, 19ಕ್ಕೆ ರಾತ್ರಿ ಕೂರುತ್ತಿದ್ದೆ, 21ಕ್ಕೆ ಬೀಳುತ್ತಿದ್ದೆ. ಈಗ 25 ನಿಮಿಷ ಕೆಲಸ, 15 ನಿಮಿಷ ಕತ್ತಲಲ್ಲಿ ಮಲಗುವುದು. ಬಿಲ್‌ಗಳನ್ನು 5ನೇ ತಾರೀಕಿನೊಳಗೆ ಕೊಡದವರ ಕೆಲಸ ತೆಗೆದುಕೊಳ್ಳುವುದಿಲ್ಲ. ಇಬ್ಬರು ಗಿರಾಕಿಗಳು ಬಿಟ್ಟು ಹೋದರು, ಮೂವರು ಬಂದರು. ದಿನಕ್ಕೆ ನಾಲ್ಕು ಗಂಟೆ ಆಗುತ್ತದೆ, ಹಿಂದೆ ಎಂಟು ಮಾಡಿ ವಾರಗಟ್ಟಲೆ ಮಲಗುತ್ತಿದ್ದೆ.

ಮಲಗಿದ್ದರಿಂದ ಬಂದ ತೊಂದರೆಗಳೂ ಇವೆ. ವಿಟಮಿನ್ ಡಿ ಪಾತಾಳಕ್ಕೆ ಹೋಗಿತ್ತು, ವಾರಕ್ಕೊಂದು 60,000 ಯೂನಿಟ್‌ನ ಪೊಟ್ಟಣದಿಂದ ಸರಿಯಾಯಿತು. ಬೆನ್ನುನೋವಿಗೆ ಮಲಗಿಕೊಂಡೇ ಕಾಲು ಮಡಚುವ ಮೂರು ಚಲನೆ, ಅಷ್ಟೆ. ನಿದ್ದೆ ಇನ್ನೂ ಸರಿಯಿಲ್ಲ. ಅದರಲ್ಲಿ ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ.

ಯಕ್ಷಗಾನ ಆಟಕ್ಕೆ ಹೋಗುವುದು ಬಿಟ್ಟಿಲ್ಲ. ಬೆಳಗಿನವರೆಗಿನದ್ದು ಆಗುವುದಿಲ್ಲ, ಕಾಲಮಿತಿಯದ್ದಕ್ಕೆ ಹೋಗುತ್ತೇನೆ. ಮುಂಚಿನ ಎರಡು ದಿನ ಖಾಲಿ, ನಂತರದ ಎರಡು ದಿನ ಖಾಲಿ. ಒರಗುವ ಕುರ್ಚಿ ಕಾರಿನಲ್ಲೇ ಇರುತ್ತದೆ, ಕಾಲು ಇನ್ನೊಂದು ಕುರ್ಚಿಯ ಮೇಲೆ. ಕಳೆದ ಸಲ ಹಿಂದಿನ ಸಾಲಿನವರೊಬ್ಬರು "ಇವರದ್ದು ಒಳ್ಳೆ ಜಮೀನ್ದಾರಿಕೆ" ಎಂದರು. ನಾಡಿ 84 ಇತ್ತು, ಉತ್ತರ ಕೊಡಲು ಹೋಗಲಿಲ್ಲ. ಮುಂದಿನ ಸೆಖೆಗೆ ಕುತ್ತಿಗೆಗೆ ಹಾಕುವ ಐಸ್ ಪಟ್ಟಿ ತರಿಸಿದ್ದೇನೆ, ಪತ್ತನಾಜೆಯೊಳಗೆ, ಅಂದರೆ ಆಟಗಳು ನಿಲ್ಲುವ ಮೇ ಕೊನೆಯೊಳಗೆ, ಅದರ ಲೆಕ್ಕ ಸಿಗಬಹುದು.